ಯೂತ್ ಲೀಗಿನ ಲೆಟರ್‌ಹೆಡ್ ನಂಬಿ 18,000 ರ‍್ಯಾಂಡ್ ಕಳೆದುಕೊಂಡೆ

ಕಟ್ಟಡ ಕಾಮಗಾರಿಯ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಹೊರಟಿರುವ ನಮ್ಮ ಕಡೆಯ ಎಂಜಿನಿಯರುಗಳೂ ಸಣ್ಣ ಗುತ್ತಿಗೆದಾರರೂ ಓದಲೆಂದು ಇದನ್ನು ಬರೆಯುತ್ತಿದ್ದೇನೆ. 2021ರ ಆಗಸ್ಟ್‌ನಲ್ಲಿ ಮ್ಪುಮಲಾಂಗಾ ಪ್ರಾಂತ್ಯದ ಎಮಲಾಹ್ಲೇನಿ ಪಟ್ಟಣದ ಹೊರವಲಯದಲ್ಲಿ (ಹಳಬರ ಬಾಯಲ್ಲಿ ಅದು ಇನ್ನೂ ವಿಟ್‌ಬ್ಯಾಂಕ್) ಒಂದು ಖಾಸಗಿ ಗೋದಾಮಿನ ನಿರ್ಮಾಣದ ಉಸ್ತುವಾರಿ ನನ್ನದಾಗಿತ್ತು. ಆಡಳಿತ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಯುವ ಘಟಕ, ಅಂದರೆ ಯೂತ್ ಲೀಗಿನ ಹೆಸರು ಹೇಳಿಕೊಂಡು ಬಂದ ಒಬ್ಬಾತ ಎರಡು ಕಂತುಗಳಲ್ಲಿ ನನ್ನಿಂದ 18,000 ರ‍್ಯಾಂಡ್ ತೆಗೆದುಕೊಂಡು ಹೋದ. ಆಗಿನ ಲೆಕ್ಕದಲ್ಲಿ ಅದು ಸುಮಾರು 90 ಸಾವಿರ ರೂಪಾಯಿ.

ಆತ ಬೆದರಿಸುತ್ತ ಬಂದವನಲ್ಲ. ಕಪ್ಪು, ಹಸಿರು, ಬಂಗಾರದ ಬಣ್ಣದ ಟೀ ಶರ್ಟು ತೊಟ್ಟು, ಕಂಕುಳಲ್ಲಿ ಒಂದು ಫೈಲು ಇಟ್ಟುಕೊಂಡು, ಸೈಟಿನ ಕಂಟೇನರ್ ಆಫೀಸಿನ ಬಾಗಿಲಲ್ಲಿ ನಿಂತು ಒಳಗೆ ಬರಬಹುದೇ ಎಂದು ಕೇಳಿ ಬಂದ. ಫೈಲಿನಿಂದ ತೆಗೆದ ಪತ್ರದಲ್ಲಿ ಲೀಗಿನ ಲಾಂಛನವಿತ್ತು, ಜೋಹಾನ್ಸ್‌ಬರ್ಗ್‌ನ ಲುತುಲಿ ಹೌಸ್‌ನ (ಅದು ಪಕ್ಷದ ಕೇಂದ್ರ ಕಚೇರಿ) ವಿಳಾಸವಿತ್ತು, ಕೆಳಗೆ ನೀಲಿ ಮೊಹರಿನ ಮೇಲೆ ‘ರಾಷ್ಟ್ರೀಯ ಅಧ್ಯಕ್ಷ’ರ ಸಹಿಯೂ ಇತ್ತು. “ಈ ವಾರ್ಡಿನ ಕೆಲಸಗಾರರ ಪಟ್ಟಿ ನಮ್ಮ ಮೂಲಕವೇ ಬರಬೇಕು, ಬಾಸ್. ಚುನಾವಣೆ ಹತ್ತಿರ ಬಂದಿದೆ, ಹುಡುಗರು ಬಿಸಿಯಾಗಿದ್ದಾರೆ, ಗೇಟಿನ ಮುಂದೆ ಏನಾದರೂ ಆದರೆ ನಾನು ಹೊಣೆಯಲ್ಲ” ಎಂದ. ಕಾಮಗಾರಿಯ ಮೊತ್ತದಲ್ಲಿ ಶೇ. 30ರಷ್ಟು ಸ್ಥಳೀಯರಿಗೆ ಸಲ್ಲಬೇಕೆಂಬ ಕಾನೂನಿದೆಯೆಂದೂ, ನಾನು ಹೊಸಬನಾದ್ದರಿಂದ ಸದ್ಯಕ್ಕೆ ‘ಸಮನ್ವಯ ಶುಲ್ಕ’ ಕೊಟ್ಟರೆ ಸಾಕೆಂದೂ ಸೇರಿಸಿದ.

ನಾನು ಹಣ ಕೊಟ್ಟದ್ದಕ್ಕೆ ಹೆದರಿಕೆಯಷ್ಟೇ ಕಾರಣವಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮಾತಿನ ನಡುವೆ ಆತ 1944ಕ್ಕೆ ಹೋದ. ಮಂಡೇಲಾ, ಸಿಸುಲು, ಟಾಂಬೊ ಅವರಂತಹ ತರುಣರು ಸೇರಿ ಕಟ್ಟಿದ ಲೀಗಿಗೆ ಆಂಟನ್ ಲೆಂಬೆಡೆ ಮೊದಲ ಅಧ್ಯಕ್ಷರಾದದ್ದನ್ನು, ಮನವಿ ಪತ್ರಗಳಲ್ಲೇ ಕಾಲ ಕಳೆಯುತ್ತಿದ್ದ ಪಕ್ಷದ ಹಿರಿಯರನ್ನು ಇದೇ ತರುಣರು 1949ರ ಕ್ರಿಯಾ ಕಾರ್ಯಕ್ರಮದ ಮೂಲಕ ಮುಷ್ಕರ, ಬಹಿಷ್ಕಾರಗಳ ದಾರಿಗೆ ಎಳೆದು ತಂದದ್ದನ್ನು, ಪಕ್ಷದ ಮೇಲೆ ಬಿದ್ದ 1960ರ ನಿಷೇಧವನ್ನು, ಅದು ತೆರವಾದ ಮೇಲೆ ಪೀಟರ್ ಮೊಕಾಬಾ ಲೀಗಿನ ನಾಯಕತ್ವ ವಹಿಸಿದ್ದನ್ನು ಆತ ಕಂಠಪಾಠವಾಗಿ ಹೇಳಿದ. ಅದೆಲ್ಲವೂ ನಿಜವೇ. ಸ್ವಾತಂತ್ರ್ಯ ಹೋರಾಟಗಾರರ ಮೊಮ್ಮಗ ಎಂದು ಹೇಳಿಕೊಂಡು ಬಂದವನಿಗೆ ಮೊದಲು ಕುರ್ಚಿ ಹಾಕಿ, ಆಮೇಲೆ ಊರು ಯಾವುದೆಂದು ಕೇಳುವ ಮನೆಯಲ್ಲಿ ಬೆಳೆದವನು ನಾನು. ಕುರ್ಚಿ ಹಾಕಿದೆ, ಚಹಾ ತರಿಸಿದೆ, ಮರುದಿನ 10,000 ರ‍್ಯಾಂಡ್ ನಗದು ಎಣಿಸಿ ಕೊಟ್ಟೆ. ಮೂರು ವಾರಗಳ ಮೇಲೆ ಇನ್ನೂ 8,000 ಕೊಟ್ಟೆ. ರಸೀದಿ ಕೇಳಲಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಗೇಟಿನ ಮುಂದೆ ಇಪ್ಪತ್ತಮೂರು ಜನ ನಿಂತಿದ್ದರು. ಗಲಾಟೆ ಮಾಡಲು ಬಂದವರಲ್ಲ, ಕೆಲಸಕ್ಕೆ ಹಾಜರಾಗಲು ಬಂದವರು. ಮುಂದೆ ನಿಂತಿದ್ದ ಹೆಂಗಸು ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟಿದ್ದ ಚೀಟಿಯೊಂದನ್ನು ನನ್ನ ಕೈಗಿತ್ತಳು. ಗೆರೆ ಹಾಳೆಯ ಅರ್ಧ ತುಂಡು. ಅದರಲ್ಲಿ ಆಕೆಯ ಹೆಸರು, ‘ಜನರಲ್ ವರ್ಕರ್’ ಎಂಬ ಹುದ್ದೆ, 350 ರ‍್ಯಾಂಡ್ ಎಂಬ ಮೊತ್ತ, ಕೆಳಗೆ ಆತ ನನಗೆ ತಂದಿದ್ದ ಪತ್ರದ ಮೇಲಿದ್ದ ಅದೇ ನೀಲಿ ಮೊಹರು. ಕೋವಿಡ್ ಸಂಕಷ್ಟಕ್ಕೆಂದು ಸರ್ಕಾರ ನಿರುದ್ಯೋಗಿಗಳಿಗೆ ತಿಂಗಳಿಗೆ ಕೊಡುತ್ತಿದ್ದ ನೆರವು ಸರಿಯಾಗಿ 350 ರ‍್ಯಾಂಡ್. ಆ ತಿಂಗಳ ಹಣವನ್ನು ಆಕೆ ಹಾಗೇ ಆತನ ಕೈಗಿಟ್ಟಿದ್ದಳು. ನನ್ನಿಂದ ಪಡೆದದ್ದನ್ನು ಆತ ‘ಕಂಪನಿ ಒಪ್ಪಿದೆ’ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸಿ ಇವರಿಂದ ವಸೂಲಿ ಮಾಡಿದ್ದ. ಹೋದ 18,000ಕ್ಕಿಂತ ನನ್ನನ್ನು ಹೆಚ್ಚು ಕುಗ್ಗಿಸಿದ್ದು ಇದು. 15ರಿಂದ 34ರ ವಯಸ್ಸಿನವರಲ್ಲಿ ನಿರುದ್ಯೋಗ ಶೇ. 40ನ್ನು ದಾಟಿರುವ ದೇಶದಲ್ಲಿ ಅಂತಹ ಚೀಟಿಗೆ ಎಷ್ಟು ಬೆಲೆಯಿರುತ್ತದೆ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

ನಮ್ಮ ಮೇಸ್ತ್ರಿ ಆ ಊರಿನವನೇ. ಸಂಜೆ ಆತ ನನ್ನನ್ನು ಪಕ್ಷದ ವಾರ್ಡ್ ಶಾಖೆಯ ಹಿರಿಯರೊಬ್ಬರ ಮನೆಗೆ ಕರೆದುಕೊಂಡು ಹೋದ. ಅವರು ಕನ್ನಡಕ ಹಾಕಿಕೊಂಡು ಪತ್ರವನ್ನು ತಲೆಯಿಂದ ಬುಡದವರೆಗೆ ಓದಿ, ಸಹಿಯ ಮೇಲೆ ಬೆರಳಿಟ್ಟು, “ಯಾವ ಅಧ್ಯಕ್ಷ?” ಎಂದು ಕೇಳಿದರು. ಲೀಗಿನ ರಾಷ್ಟ್ರೀಯ ಕಾರ್ಯಕಾರಿಣಿಯನ್ನು ಮಾತೃ ಪಕ್ಷ 2019ರಲ್ಲೇ ವಿಸರ್ಜಿಸಿ, ತಾನೇ ನೇಮಿಸಿದ ಕಾರ್ಯಪಡೆಯೊಂದರ ಕೈಗೆ ಅದನ್ನು ಒಪ್ಪಿಸಿತ್ತು. ಆ ಹೊತ್ತಿಗೆ ಲೀಗಿಗೆ ಅಧ್ಯಕ್ಷರೇ ಇರಲಿಲ್ಲ. 2023ರ ಸಮ್ಮೇಳನದಲ್ಲಿ ಕಾಲಿನ್ ಮಲಾಜಿ ಆಯ್ಕೆಯಾಗುವವರೆಗೆ ಆ ಸ್ಥಾನ ಖಾಲಿಯೇ ಇತ್ತು. ಲೆಂಬೆಡೆಯ ಕಥೆಗೆ ತಲೆದೂಗಿದ ನಾನು ಸದ್ಯದ ಅಧ್ಯಕ್ಷರು ಯಾರೆಂದು ಮೊಬೈಲಿನಲ್ಲಿ ಒಮ್ಮೆ ನೋಡಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಶೇ. 30ರ ಮಾತೂ ಅರೆಸತ್ಯ. 2017ರ ಸರ್ಕಾರಿ ಖರೀದಿ ನಿಯಮಗಳಲ್ಲಿ 3 ಕೋಟಿ ರ‍್ಯಾಂಡ್ ಮೀರಿದ ಗುತ್ತಿಗೆಗಳಿಗೆ ಅಂತಹ ಉಪಗುತ್ತಿಗೆಯ ಅಂಶವಿತ್ತು, ನಿಜ. ಆದರೆ ಅದು ಸರ್ಕಾರಿ ಸಂಸ್ಥೆಗಳು ಕರೆಯುವ ಟೆಂಡರಿಗೆ ಸಂಬಂಧಿಸಿದ್ದು, ಖಾಸಗಿ ಗೋದಾಮಿಗಲ್ಲ. ಅದರಡಿ ಕೆಲಸ ಸಿಗಬೇಕಾದದ್ದು ಅರ್ಹ ಸಂಸ್ಥೆಗಳಿಗೆ, ಗೇಟಿಗೆ ಬಂದವರಿಗೆ ನಗದು ಕೊಡುವ ಪ್ರಶ್ನೆಯೇ ಇಲ್ಲ. 2023ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳಲ್ಲಂತೂ ಆ ಅಂಶವನ್ನೇ ಕೈಬಿಡಲಾಗಿದೆ. ಇವತ್ತಿಗೂ ಯಾರಾದರೂ ಅದನ್ನು ಉಲ್ಲೇಖಿಸಿದರೆ ನಿಯಮದ ಪ್ರತಿಯನ್ನು ಕೇಳಿ. ಕೆಲಸ ಹುಡುಕುವವರಿಂದ ಶುಲ್ಕ ಪಡೆಯುವುದು ಅಲ್ಲಿನ 2014ರ ಉದ್ಯೋಗ ಸೇವೆಗಳ ಕಾಯ್ದೆಯ ಪ್ರಕಾರ ಅಪರಾಧವೆಂಬುದು ಕೂಡ ನನಗೆ ತಿಳಿದದ್ದು ಠಾಣೆಯಲ್ಲಿ ಹೇಳಿಕೆ ಬರೆಸುವಾಗ. ಕಾರ್ಮಿಕ ಇಲಾಖೆಯ ಕಚೇರಿಗಳಲ್ಲಿ ಕೆಲಸ ಬೇಕಾದವರ ನೋಂದಣಿ ಉಚಿತವಾಗಿ ನಡೆಯುತ್ತದೆ, ನಮ್ಮಂಥವರು ಅಲ್ಲಿಂದಲೇ ಜನರನ್ನು ಕೇಳಬಹುದು.

ಲೀಗಿನ ಮೇಲೆ ನಾನು ದೂರು ಹೊರಿಸುತ್ತಿಲ್ಲ. ಆತ ಸಭೆಗಳ ಹಿಂದಿನ ಸಾಲಿನಲ್ಲಿ ಕೂತು ಹೋಗುತ್ತಿದ್ದನೇ ಹೊರತು ಯಾವ ಹುದ್ದೆಯಲ್ಲೂ ಇರಲಿಲ್ಲ ಎಂದು ಆ ಹಿರಿಯರೇ ಹೇಳಿದರು. ಆದರೆ ಟೆಂಡರಿಗೂ ಕೂಲಿಗೂ ಪಕ್ಷದವರ ಬಾಗಿಲು ತಟ್ಟಬೇಕೆಂದು ಜನ ಮೊದಲೇ ನಂಬಿರದಿದ್ದರೆ ಆ ಮೊಹರು ಇಷ್ಟು ಸುಲಭವಾಗಿ ಓಡುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಮರುವಾರ ಗೇಟಿನ ಫಲಕದಲ್ಲಿ ಖಾಲಿ ಕೆಲಸಗಳ ವಿವರ ಅಂಟಿಸಿ, ಕೆಲಸಕ್ಕೆ ಹಣ ಕೊಡಬೇಕಾಗಿಲ್ಲ ಎಂದು ಇಸಿಜುಲು ಭಾಷೆಯಲ್ಲೂ ಬರೆಸಿದೆ. ಇಪ್ಪತ್ತಮೂರರಲ್ಲಿ ಒಂಬತ್ತು ಜನರಿಗೆ ಮಾತ್ರ ಕೆಲಸ ಕೊಡಲು ಸಾಧ್ಯವಾಯಿತು. ಚೀಟಿ ತೋರಿಸಿದ ಹೆಂಗಸು ಅವರಲ್ಲಿ ಒಬ್ಬಳು. ಪೊಲೀಸರು ಕೊಟ್ಟ ಪ್ರಕರಣ ಸಂಖ್ಯೆ ನನ್ನ ಡೈರಿಯಲ್ಲಿದೆ, ಹಣ ಇಂದಿಗೂ ಮರಳಿ ಬಂದಿಲ್ಲ.