ಹಸಿರಾದ ಈಜುಕೊಳ: ದ್ರವ ಕ್ಲೋರಿನ್, ಹರಳು, ಬಿಲ್ಲೆ, ಪಾಚಿನಾಶಕಗಳಲ್ಲಿ ಯಾವುದು ಕೆಲಸಕ್ಕೆ ಬಂತು?

ಮನೆಯ ಈಜುಕೊಳ ಹಸಿರಾದರೆ ಮುಂದಿರುವ ಕೆಲಸ ಎರಡು. ಪಾಚಿಯನ್ನು ಸಾಯಿಸಬೇಕು, ಸತ್ತದ್ದನ್ನು ನೀರಿನಿಂದ ಹೊರಗೆ ತೆಗೆಯಬೇಕು. ಮೊದಲನೆಯದು ಕ್ಲೋರಿನ್ ಮಾಡುವ ಕೆಲಸ, ಎರಡನೆಯದು ಫಿಲ್ಟರ್ ಮಾಡುವ ಕೆಲಸ. ಎರಡನ್ನೂ ಒಂದೇ ಬಾಟಲಿ ಮಾಡುತ್ತದೆ ಎಂದು ಬರೆದುಕೊಂಡ ಸರಕಿನ ಮೇಲೆ ನನಗೆ ಭರವಸೆಯಿಲ್ಲ. ಕೆಳಗಿನ ಅಳತೆಗಳೆಲ್ಲ 10,000 ಲೀಟರ್ ನೀರಿಗೆ.

ಬಳಸಿ ನೋಡಿದವುಗಳಲ್ಲಿ ದ್ರವ ಕ್ಲೋರಿನ್‌ಗೆ, ಅಂದರೆ ಸೋಡಿಯಂ ಹೈಪೋಕ್ಲೋರೈಟ್‌ಗೆ, ನನ್ನ ಮೊದಲ ಮತ. 10% ಸಾಂದ್ರತೆಯದು 1 ಲೀಟರ್ ಹಾಕಿದರೆ ಕ್ಲೋರಿನ್ ಸುಮಾರು 10 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಹತ್ತು ಪಾಲು) ಏರುತ್ತದೆ. ಕೂಡಲೇ ಬೆರೆಯುತ್ತದೆ, ಸ್ವಲ್ಪ ಉಪ್ಪನ್ನು ಬಿಟ್ಟರೆ ನೀರಿನಲ್ಲಿ ಹೆಚ್ಚೇನೂ ಉಳಿಸುವುದಿಲ್ಲ. ಇದರ ದೋಷ ಆಯಸ್ಸು ಕಡಿಮೆ ಎಂಬುದು. ಬಿಸಿಲು, ಸೆಕೆಗೆ ಸಿಕ್ಕ ಕ್ಯಾನ್ ಮುಚ್ಚಳ ತೆರೆಯದಿದ್ದರೂ ಸಪ್ಪೆಯಾಗುತ್ತದೆ. ಹಳೆಯ ಕ್ಯಾನನ್ನು ಚೀಟಿಯ ಲೆಕ್ಕದಲ್ಲಿ ಸುರಿದು "ಕ್ಲೋರಿನ್ ಹಾಕಿದರೂ ಹಸಿರು ಹೋಗಲಿಲ್ಲ" ಎನ್ನುವವರು ಬಹಳ.

ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು 65%ನದಾದರೆ 150 ಗ್ರಾಂ ಸಾಕು, ಅಷ್ಟೇ ಏರಿಕೆ ಸಿಗುತ್ತದೆ. ಒಣ ಜಾಗದಲ್ಲಿಟ್ಟರೆ ದ್ರವಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ಆದರೆ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆಗೆ ನೀರಿನ ಗಡಸುತನವೂ ಸುಮಾರು 7 ಪಿಪಿಎಂ ಹೆಚ್ಚುತ್ತದೆ. ನೀರು ಮೊದಲೇ ಗಡಸಾಗಿದ್ದು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಕೂಡ ಮೇಲಿದ್ದರೆ, ಪಾಚಿ ಸತ್ತ ಮೇಲೂ ಬಿಳಿ ಮಬ್ಬು ನಿಲ್ಲುತ್ತದೆ. ಅದು ಸುಣ್ಣದ್ದೋ ಎಂದು ತಿಳಿಯಲು ಒಂದು ಲೋಟ ಕೊಳದ ನೀರಿಗೆ ಕೆಲವು ಹನಿ ಪೂಲ್ ಆಸಿಡ್ (ಕೊಳದ ಪಿಎಚ್ ಇಳಿಸಲು ಬಳಸುವ ಆಮ್ಲ) ಬಿಡಿ. ತಿಳಿಯಾದರೆ ಸುಣ್ಣದ ಮಬ್ಬು, ಪಿಎಚ್ ಇಳಿಸಿದರೆ ಹೋಗುತ್ತದೆ. ತಿಳಿಯಾಗದಿದ್ದರೆ ಫಿಲ್ಟರ್ ಕಡೆ ನೋಡಿ. (ಈ ಲೋಟಕ್ಕೆ ಹರಳನ್ನಾಗಲಿ ದ್ರವ ಕ್ಲೋರಿನ್ನನ್ನಾಗಲಿ ಬೆರೆಸಬೇಡಿ, ಆಸಿಡ್ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ.)

ಡೈಕ್ಲೋರ್ ಪುಡಿ, ಟ್ರೈಕ್ಲೋರ್ ಬಿಲ್ಲೆಗಳ ಮಾತು ಬೇರೆ. ಇವೆರಡರಲ್ಲೂ ಸಯಾನ್ಯೂರಿಕ್ ಆಮ್ಲ ಇದೆ. 10 ಪಿಪಿಎಂ ಕ್ಲೋರಿನ್ ಏರಿಸುವಷ್ಟರಲ್ಲಿ ಡೈಕ್ಲೋರ್ ಸುಮಾರು 9 ಪಿಪಿಎಂ, ಟ್ರೈಕ್ಲೋರ್ ಸುಮಾರು 6 ಪಿಪಿಎಂ ಆಮ್ಲವನ್ನು ಕೊಳಕ್ಕೆ ಸೇರಿಸುತ್ತವೆ. ಈ ಆಮ್ಲ ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುತ್ತದೆ, ನಿಜ. ಜೊತೆಗೇ ಅದರ ಕೈ ಕಟ್ಟುತ್ತದೆ. ಪಾಚಿ ಹತ್ತಿದ ಕೊಳದಲ್ಲಿ ಕ್ಲೋರಿನ್ ಮಟ್ಟ ಈ ಆಮ್ಲದ ಶೇಕಡಾ 40ರಷ್ಟಿರಬೇಕು ಎಂಬುದು ಅನುಭವಸ್ಥರ ಲೆಕ್ಕ: ಆಮ್ಲ 30 ಇದ್ದರೆ 12 ಪಿಪಿಎಂ, 80 ಇದ್ದರೆ 32. ಬಿಲ್ಲೆಯನ್ನೇ ನಂಬಿದ ಕೊಳ ಒಂದೆರಡು ಋತುವಿನಲ್ಲಿ ಈ ಎರಡನೇ ಸ್ಥಿತಿಗೆ ಬರುತ್ತದೆ, ಪರೀಕ್ಷೆಯಲ್ಲಿ ಕ್ಲೋರಿನ್ 3 ತೋರಿಸುತ್ತಿದ್ದರೂ ಹಸಿರಾಗುತ್ತದೆ. ಆಮ್ಲ ಅಷ್ಟು ಏರಿದ ಮೇಲೆ ಅರ್ಧ ನೀರು ಖಾಲಿ ಮಾಡಿ ಹೊಸದು ತುಂಬುವುದೇ ಸುಲಭ. ಬಿಲ್ಲೆ ನಿಧಾನವಾಗಿ ಕರಗುವುದರಿಂದ ಹಸಿರು ಓಡಿಸಲು ಹೇಗೂ ಪ್ರಯೋಜನವಿಲ್ಲ. ಊರಿಗೆ ಹೋಗುವಾಗ ತೇಲಿಬಿಡಲು ಸರಿ. ಬಿಲ್ಲೆ ತೆಗೆದ ಚಮಚವನ್ನು ಹರಳಿನ ಡಬ್ಬಿಗೆ ಹಾಕಬೇಡಿ, ಎರಡೂ ಸೇರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು.

ತಾಮ್ರದ ಪಾಚಿನಾಶಕ ಪಾಚಿಯ ಬೆಳವಣಿಗೆ ತಡೆಯುತ್ತದೆ, ಸತ್ತದ್ದನ್ನು ಸುಡುವುದಿಲ್ಲ. ತಾಮ್ರ ನೀರಿನಲ್ಲೇ ಉಳಿದು ಗೋಡೆಗೆ ಕಲೆ ಕೂರಿಸುತ್ತದೆ, ತಿಳಿಬಣ್ಣದ ಕೂದಲಿಗೆ ಹಸಿರು ಹತ್ತಿಸುತ್ತದೆ. ಕ್ವಾಟ್ ಎಂಬ ಅಗ್ಗದ ಬಗೆಯ ಪಾಚಿನಾಶಕ ನೊರೆ ಬರಿಸುತ್ತದೆ. ಪಾಲಿಕ್ವಾಟ್ 60 ಎಂಬ ಪಾಚಿನಾಶಕ ಇವೆರಡಕ್ಕಿಂತ ವಾಸಿ, ಆದರೆ ಅದು ಪಾಚಿ ಬಾರದಂತೆ ತಡೆಯಲು.

ಯಾವ ಕ್ಲೋರಿನ್ ಆಯ್ದರೂ ವಿಧಾನ ಒಂದೇ. ಮೊದಲು ಪಿಎಚ್ 7.2ರ ಸುತ್ತ ತನ್ನಿ. ಕ್ಲೋರಿನ್ 10 ದಾಟಿದ ಮೇಲೆ ಪಿಎಚ್ ಪರೀಕ್ಷೆ ಸುಳ್ಳು ಹೇಳುತ್ತದೆ. ಗೋಡೆ, ಮೆಟ್ಟಿಲು, ಏಣಿಯ ಹಿಂಬದಿ, ದೀಪದ ಸಂದು ಉಜ್ಜಿ. ಪಂಪ್ ಹಗಲೂ ರಾತ್ರಿ ಓಡಲಿ. ಒಮ್ಮೆ ಸುರಿದು ಸುಮ್ಮನಾಗಬಾರದು, ಮೊದಲ ದಿನ ಗಂಟೆಗೋ ಎರಡು ಗಂಟೆಗೋ ಒಮ್ಮೆ ಅಳೆದು ಕುಸಿದಷ್ಟನ್ನು ತುಂಬುತ್ತಿರಬೇಕು. ಗುಲಾಬಿ ಬಣ್ಣ ನೋಡುವ ಡಿಪಿಡಿ ಪರೀಕ್ಷೆ ಕ್ಲೋರಿನ್ ಬಹಳ ಹೆಚ್ಚಿದ್ದಾಗ ಬಣ್ಣವೇ ಕಳೆದುಕೊಂಡು ಸೊನ್ನೆ ಎಂಬಂತೆ ಕಾಣುತ್ತದೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಡಿಸ್ಟಿಲ್ಡ್ ನೀರು ಸೇರಿಸಿ ಅಳೆದು, ಬಂದ ಸಂಖ್ಯೆಯನ್ನು ಐದರಿಂದ ಗುಣಿಸಿ. ಹೊತ್ತು ಮುಳುಗಿದ ಮೇಲೆ ಒಮ್ಮೆ, ಬೆಳಗ್ಗೆ ಬಿಸಿಲು ಬೀಳುವ ಮುಂಚೆ ಒಮ್ಮೆ ಅಳೆದು ಇಳಿಕೆ 1 ಪಿಪಿಎಂಗಿಂತ ಕಡಿಮೆ ಬಂದರೆ ಪಾಚಿ ಸತ್ತಿದೆ.

ಈಗ ಹಸಿರು ಹೋಗಿ ನೀರು ಬೂದು ಮಬ್ಬಾಗಿರುತ್ತದೆ. ಮರಳಿನ ಫಿಲ್ಟರ್ 20–40 ಮೈಕ್ರಾನ್ ಕಣ ಹಿಡಿಯುತ್ತದೆ, ಕಾರ್ಟ್ರಿಜ್ 10–20, ಡಯಾಟಮ್ ಮಣ್ಣಿನದು 3–5. ಹಾಗಾಗಿ ಮರಳಿನದಕ್ಕೆ ತಾಳ್ಮೆ ಬೇಕು. ಒತ್ತಡ ಶುದ್ಧ ಸ್ಥಿತಿಗಿಂತ ಶೇಕಡಾ 25ರಷ್ಟು ಏರಿದಾಗ ಮಾತ್ರ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖ ಹರಿಸಿ ಮರಳು ತೊಳೆಯಿರಿ. ದಿನಕ್ಕೆ ನಾಲ್ಕು ಸಲ ತೊಳೆದ ಮರಳು ಸಣ್ಣ ಕಣವನ್ನು ಹಿಡಿಯುವುದೇ ಇಲ್ಲ, ಸ್ವಲ್ಪ ಕೊಳೆ ಕೂತ ಮರಳೇ ಚೆನ್ನಾಗಿ ಸೋಸುತ್ತದೆ.

ಅವಸರವಿದ್ದರೆ ಪಟಿಕ (ಆಲಂ). ಸುಮಾರು 500 ಗ್ರಾಂ ಆಲಂ ಕರಗಿಸಿ ಹಾಕಿ, ವಾಲ್ವನ್ನು ರೀಸರ್ಕ್ಯುಲೇಟ್‌ನಲ್ಲಿಟ್ಟು (ನೀರು ಫಿಲ್ಟರ್ ಮುಟ್ಟದೆ ಸುತ್ತುವಂತೆ) ಒಂದು ಗಂಟೆ ಬೆರೆಸಿ, ಪಂಪ್ ನಿಲ್ಲಿಸಿ ರಾತ್ರಿಯಿಡೀ ಬಿಡಿ. ತಳಕ್ಕೆ ಕೂತ ಗಷ್ಟನ್ನು ವಾಲ್ವನ್ನು ವೇಸ್ಟ್‌ಗೆ (ನೀರು ಫಿಲ್ಟರ್‌ಗೆ ಹೋಗದೆ ನೇರ ಹೊರಹೋಗುವಂತೆ) ತಿರುಗಿಸಿ ಮೆಲ್ಲಗೆ ಎಳೆಯಬೇಕು. ಅವಸರಪಟ್ಟರೆ ಗಷ್ಟು ಎದ್ದು ಮತ್ತೆ ಮೊದಲಿನಿಂದ. ನೀರು ಹೊರಹೋಗುತ್ತದೆ, ಕ್ಷಾರೀಯತೆಯೂ ಇಳಿಯುತ್ತದೆ. ವೇಸ್ಟ್ ದಾರಿ ಇಲ್ಲದ ಕಾರ್ಟ್ರಿಜ್ ಕೊಳಕ್ಕೆ ಇದು ಬೇಡವೇ ಬೇಡ. ಕ್ಲ್ಯಾರಿಫೈಯರ್ ಸಣ್ಣ ಕಣಗಳನ್ನು ಅಂಟಿಸಿ ಫಿಲ್ಟರ್‌ಗೆ ಸಿಗುವಂತೆ ಮಾಡುತ್ತದೆ, ಇನ್ನಷ್ಟು ಹಾಕಿದರೆ ಇನ್ನೂ ಬೇಗ ಎಂದುಕೊಂಡು ಅಳತೆ ಮೀರಿದರೆ ಕಣಗಳು ಒಂದನ್ನೊಂದು ದೂಡಿ ಮಬ್ಬು ಗಟ್ಟಿಯಾಗುತ್ತದೆ.

ಕ್ಲೋರಿನ್ ರಾತ್ರಿ ಇಳಿಯುತ್ತಿಲ್ಲ, ಸುಣ್ಣವೂ ಅಲ್ಲ, ಆದರೂ ವಾರ ಕಳೆದು ಮಬ್ಬು ಹಾಗೇ ಇದೆ ಎಂದಾದರೆ ಔಷಧಿ ನಿಲ್ಲಿಸಿ ಫಿಲ್ಟರ್ ಬಿಚ್ಚಿ. ಮರಳು ಗಟ್ಟಿಯಾಗಿ ನಡುವೆ ದಾರಿ ಕೊರೆದುಕೊಂಡಿರಬಹುದು, ಅಥವಾ ವಾಲ್ವ್‌ನೊಳಗಿನ ಗ್ಯಾಸ್ಕೆಟ್ ಸವೆದು ನೀರು ಸೋಸದೆಯೇ ಮರಳುತ್ತಿರಬಹುದು. ತಳ ಸ್ಪಷ್ಟವಾಗಿ ಕಾಣುವವರೆಗೆ ಯಾರನ್ನೂ ನೀರಿಗೆ ಇಳಿಸಬೇಡಿ, ಮುಳುಗಿದವರು ಮೇಲಿನಿಂದ ಕಾಣುವುದಿಲ್ಲ.