ಕಲ್ಪಿತ ದೇಶದ ಫುಟ್‌ಬಾಲ್ ಇತಿಹಾಸಕ್ಕೆ ಮಾದರಿ: ಉರುಗ್ವೆಯೋ, ಐಸ್‌ಲ್ಯಾಂಡೋ?

ದಾವಣಗೆರೆಯ ಕಾಲೇಜು ಸಂಚಿಕೆಗಾಗಿ ಕಲ್ಪಿತ ದೇಶವೊಂದರ ಫುಟ್‌ಬಾಲ್ ತಂಡದ ಇತಿಹಾಸ ಬರೆಯಲು ಈ ಎರಡರಲ್ಲಿ ಯಾವ ಮಾದರಿ ಸೂಕ್ತವೆಂದು ಕೇಳಿದ್ದೀರಿ.

ಕಥೆಯ ಏರಿಳಿತ ಮುಖ್ಯವಾದರೆ ಉರುಗ್ವೆಯನ್ನು ನೋಡಿ. 1930ರಲ್ಲಿ ಮೊದಲ ವಿಶ್ವಕಪ್ಪನ್ನು ತನ್ನ ನೆಲದಲ್ಲೇ ಗೆದ್ದ ಆ ಪುಟ್ಟ ದೇಶ, 1950ರ ವಿಶ್ವಕಪ್‌ನ ನಿರ್ಣಾಯಕ ಪಂದ್ಯದಲ್ಲಿ, ಬ್ರೆಜಿಲ್‌ನದೇ ಮರಕಾನಾ ಕ್ರೀಡಾಂಗಣದಲ್ಲಿ, ಒಂದು ಗೋಲಿನಿಂದ ಹಿಂದುಳಿದಿದ್ದರೂ ಬ್ರೆಜಿಲನ್ನು 2-1ರಿಂದ ಸೋಲಿಸಿತು. ಆ ಬಳಿಕ ಮತ್ತೆಂದೂ ವಿಶ್ವಕಪ್ ದಕ್ಕದ ದೀರ್ಘ ನಿರೀಕ್ಷೆಯೇ, ನನ್ನ ದೃಷ್ಟಿಯಲ್ಲಿ, ಗೆಲುವಿಗಿಂತ ಶ್ರೀಮಂತವಾದ ಸಾಮಗ್ರಿ. ಆದರೆ ಹಲವು ದಶಕಗಳ ವಿವರವನ್ನು ಕಟ್ಟುವಷ್ಟು ಪುಟಗಳು ತಮಗೆ ಬೇಕಾಗುತ್ತವೆ.

ನಂಬಿಕೆ ಹುಟ್ಟಿಸುವುದರಲ್ಲಿ ಐಸ್‌ಲ್ಯಾಂಡ್ ಮುಂದಿದೆ. ದಾವಣಗೆರೆ ನಗರಕ್ಕಿಂತಲೂ ಕಡಿಮೆ ಜನರಿರುವ ಆ ದೇಶ ಒಳಾಂಗಣ ಮೈದಾನಗಳನ್ನು ಕಟ್ಟಿ, ತರಬೇತುದಾರರನ್ನು ಸಿದ್ಧಪಡಿಸಿ, 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು ಮಣಿಸಿತು. ತಮ್ಮ ದೇಶ ಹೊಸದಾಗಿದ್ದು, ಬರಹವೂ ಕಿರಿದಾಗಿದ್ದರೆ ಇದೇ ಅನುಕೂಲ.