ಡಯಾಂಚ ಬೀಜ: ಭತ್ತದ ಗದ್ದೆಗೆ ಹಾಕಿ ನೋಡಿದ ಮೇಲೆ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ನಮ್ಮ ಗದ್ದೆಗೆ ಈ ಸಲ ನಾಟಿಗೆ ಮೊದಲು, ಮಣ್ಣಿಗೆ ಸೇರಿಸಿ ಹಸಿರೆಲೆ ಗೊಬ್ಬರ ಮಾಡುವ ಡಯಾಂಚ ಬಿತ್ತಿದ್ದೆ. ಪೇಟೆಯ ಅಂಗಡಿಯ ಬೀಜ, ಎಕರೆಗೆ 12 ಕೆಜಿ. ಮೇ ತಿಂಗಳ ಮಳೆಗೆ ಚೆನ್ನಾಗಿ ಹುಟ್ಟಿತು. ಆದರೆ ಚೀಲದಲ್ಲಿ ಕಳೆ ಬೀಜ, ಮಣ್ಣು ಎರಡೂ ಇದ್ದವು. ಜರಡಿ ಹಿಡಿದೇ ಬಿತ್ತಬೇಕಾಯಿತು. ಕೊಟ್ಟ ದುಡ್ಡಿಗೆ ಇದು ಸರಿಯಲ್ಲ.

ಗಿಡದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಕಿತ್ತು ನೋಡಿ, ಬೇರಿನ ತುಂಬ ಗಂಟು. ಗಾಳಿಯ ಸಾರಜನಕ ಹಿಡಿದಿಡುವ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಇರುವುದು ಅಲ್ಲೇ. ಗಂಟು ಒಡೆದಾಗ ಒಳಗೆ ಕೆಂಪಗಿದ್ದರೆ ಕೆಲಸ ನಡೀತಿದೆ ಅಂತ ಅರ್ಥ. ಸುಮಾರು 45 ದಿನಕ್ಕೆ, ಹೂ ಬರುವ ಹೊತ್ತಿಗೆ, ನೀರು ಕಟ್ಟಿ ಮಣ್ಣಿಗೆ ಸೇರಿಸಬೇಕು. ತಡ ಮಾಡಿದರೆ ಕಾಂಡ ಬಲಿತು ನಾರಾಗುತ್ತದೆ, ಬೇಗ ಕೊಳೆಯುವುದಿಲ್ಲ, ರೋಟವೇಟರ್‌ಗೂ ಸುತ್ತಿಕೊಳ್ಳುತ್ತದೆ.

ಬುಡಕ್ಕೆ ಹಾಕುವ ಯೂರಿಯಾ ಪೂರ್ತಿ ಬಿಟ್ಟೆ. 45 ಕೆಜಿ ಚೀಲದಲ್ಲಿ ಸಾರಜನಕ ಇರುವುದು 20 ಕೆಜಿ ಚಿಲ್ಲರೆ. ಚೆನ್ನಾಗಿ ಬೆಳೆದ ಡಯಾಂಚ ಎಕರೆಗೆ ಅಷ್ಟನ್ನು ಕೊಡುತ್ತದೆ. ಪೈರು ಹಳದಿಯಾಗಲಿಲ್ಲ, ತೆಂಡೆಯೂ (ಬುಡದಿಂದ ಒಡೆಯುವ ಮರಿ ಕಾಂಡ) ಜಾಸ್ತಿ ಒಡೆಯಿತು. ರಂಜಕ, ಪೊಟ್ಯಾಷ್ ಮಾತ್ರ ನಿಲ್ಲಿಸಬೇಡಿ. ಅವು ಗಾಳಿಯಿಂದ ಬರುವುದಿಲ್ಲ ಅಲ್ವಾ? ಮುಂದಿನ ವರ್ಷವೂ ಡಯಾಂಚವನ್ನೇ ಬಿತ್ತುತ್ತೇನೆ, ಬೀಜವನ್ನು ಮಾತ್ರ ಬೇರೆ ಕಡೆಯಿಂದ ತರುತ್ತೇನೆ.